ಕಾಪುವಿನಿಂದ ಕಾರ್ಕಳದವರೆಗೆ ಊರ ಕೋಳಿಯ ಜಾಡಿನಲ್ಲಿ

ಉಡುಪಿ ಜಿಲ್ಲೆಗೆ ಪ್ರವಾಸ ಹೊರಡುವವರಿಗೆ ನೋಡಬೇಕಾದ ಸ್ಥಳಗಳ ಪಟ್ಟಿ ಕೊಡುವವರು ಬಹಳ ಮಂದಿ ಇದ್ದಾರೆ. ಕಾಪುವಿನ ದೀಪಸ್ತಂಭ, ಮಲ್ಪೆಯ ಕಡಲು, ಮಣಿಪಾಲದ ದೊಡ್ಡ ದೊಡ್ಡ ಕಾಲೇಜುಗಳು, ಕಾರ್ಕಳದ ಗೊಮ್ಮಟ. ಇವನ್ನೆಲ್ಲ ಖಂಡಿತ ನೋಡಿ ಬನ್ನಿ. ಆದರೆ ಹೋಗುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಮನೆಗಳ ಅಂಗಳದ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಬಾವಿಕಟ್ಟೆಯ ಬಳಿ ಕೆದಕುತ್ತಾ ಮರಿಗಳನ್ನು ಕರೆಯುವ ಒಂದು ಹೇಂಟೆ, ಕಂಪೌಂಡಿನ ಮೇಲೆ ಕತ್ತೆತ್ತಿ ನಿಂತ ಒಂದು ಹುಂಜ ನಿಮಗೆ ಕಂಡೀತೇ ಎಂದು ನೋಡಿ. ಮೊದಲು ಪ್ರತಿ ಅಂಗಳದಲ್ಲೂ ಕಾಣುತ್ತಿದ್ದ ಈ ನೋಟ ಈಗ ಹುಡುಕಿ ನೋಡಬೇಕಾದ ಸ್ಥಿತಿಗೆ ಬಂದಿದೆ.

ಸಹೋದರಿಯರೇ, ಕೋಳಿಯ ಬಗ್ಗೆ ಏನು ಲೇಖನ ಎಂದು ಪುಟ ತಿರುಗಿಸಬೇಡಿ. ಕರಾವಳಿಯ ಮುಸ್ಲಿಂ ಮನೆಗಳಲ್ಲಿ ಕೋಳಿ ಹೆಂಗಸರ ಸೊತ್ತಾಗಿತ್ತು. ತೋಟದ ತೆಂಗಿನಕಾಯಿಯ ಹಣ ಗಂಡಸರ ಕೈ ಸೇರಿದರೂ ಮೊಟ್ಟೆಯ ಹಣ ಉಮ್ಮನ ಸೆರಗಿನ ಗಂಟಿನಲ್ಲೇ ಇರುತ್ತಿತ್ತು. ಮಗುವಿನ ಪಾಟಿ ಪುಸ್ತಕಕ್ಕೆ, ಮದ್ರಸದ ಫೀಸಿಗೆ, ಮನೆಗೆ ಬಂದ ಬಡವಳ ಕೈಗೆ ಕೊಡುವ ಸದಕಾಕ್ಕೆ ಯಾರನ್ನೂ ಕೇಳದೆ ತೆಗೆಯಬಹುದಾದ ಹಣ ಅದು. ಬಾಣಂತಿಗೆ ಸಾರು ಮಾಡಲು, ಅಳಿಯ ಬಂದಾಗ ಸುಕ್ಕ ಮಾಡಲು ಅಂಗಡಿಗೆ ಓಡಬೇಕಾಗಿರಲಿಲ್ಲ. ಆ ಕೋಳಿಯ ತಳಿ ಕೆಟ್ಟರೆ ಅಥವಾ ಅಳಿದರೆ ಕಳೆದುಕೊಳ್ಳುವುದು ರುಚಿಯನ್ನು ಮಾತ್ರವಲ್ಲ.

ಕಾಪು: ಮರಳು, ತೆಂಗು ಮತ್ತು ಬಣ್ಣದ ಹೆಸರುಗಳು

ಮಂಗಳೂರಿನಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಉಡುಪಿಗೆ ಸುಮಾರು 13 ಕಿ.ಮೀ. ಮೊದಲು ಕಾಪು ಸಿಗುತ್ತದೆ. 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ಬಂಡೆಯ ಮೇಲೆ ನಿಂತಿದೆ. 2018ರಿಂದ ಕಾಪು ತಾಲೂಕು ಕೇಂದ್ರವೂ ಆಗಿದೆ. ಹೆದ್ದಾರಿ ಬಿಟ್ಟು ಕಡಲ ಕಡೆಯ ಓಣಿಗಳಿಗೆ ಇಳಿದರೆ ತೆಂಗಿನ ತೋಟಗಳ ನಡುವೆ ಮನೆಗಳು. ಗಲ್ಫಿನ ದುಡಿಮೆಯಿಂದ ಎದ್ದ ದೊಡ್ಡ ಮನೆಗಳಲ್ಲಿ ಕೆಲವಕ್ಕೆ ವರ್ಷದ ಹೆಚ್ಚಿನ ದಿನ ಬೀಗ. ಇನ್ನು ಕೆಲವದರ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದಾರೆ. ಇಂಟರ್‌ಲಾಕಿನ ಮೇಲೆ ಕೋಳಿ ಕೆದಕುವುದೇನನ್ನು? ಹಿಕ್ಕೆ ಬಿದ್ದರೆ ತೊಳೆಯುವವರು ಯಾರು? ಹೀಗೆ ಗೂಡು ಮೊದಲು ಖಾಲಿಯಾಗುತ್ತದೆ, ಆಮೇಲೆ ಮುರಿದು ಹೋಗುತ್ತದೆ.

ಆದರೂ ಹಳೆಯ ಹಂಚಿನ ಮನೆಗಳ ಹಿತ್ತಿಲಲ್ಲಿ ಕೋಳಿಗಳಿವೆ. ಅವುಗಳ ಬಣ್ಣ ನೋಡಿ. ತುಳುವಿನಲ್ಲಿ ಕೋಳಿಗೆ ‘ಕೋರಿ’ ಎನ್ನುತ್ತಾರೆ. ಪ್ರತಿ ಬಣ್ಣದ ಹುಂಜಕ್ಕೂ ಬೇರೆ ಬೇರೆ ಹೆಸರಿದೆ. ಬಿಳಿಯದು ಬೊಳ್ಳೆ. ಕೆಮ್ಮೈರೆ, ಕುಪ್ಪುಳೆ, ಉರಿಯೆ, ಕಕ್ಕೆ, ನೀಲೆ ಎಂದು ಪಟ್ಟಿ ಬೆಳೆಯುತ್ತದೆ. ಒಂದು ಪ್ರಾಣಿಗೆ ಇಷ್ಟು ಹೆಸರು ಕೊಟ್ಟಿದ್ದಾರೆ ಎಂದರೆ ಈ ನಾಡಿನವರು ಅದನ್ನು ಎಷ್ಟು ಹತ್ತಿರದಿಂದ ನೋಡಿರಬೇಕು ಯೋಚಿಸಿ.

ಈ ಹೆಸರುಗಳಲ್ಲಿ ಹೆಚ್ಚಿನವು ಉಳಿದು ಬಂದಿರುವುದು ಕೋಳಿ ಅಂಕದ ಮೂಲಕ ಎಂಬುದು ನಿಜ. ಹುಂಜದ ಬಣ್ಣ, ದಿನ, ಗಳಿಗೆ ನೋಡಿ ಸೋಲು ಗೆಲುವು ಹೇಳುವ ‘ಕುಕ್ಕುಟ ಪಂಚಾಂಗ’ವೂ ಇಲ್ಲಿ ಇದೆ. ಕಾಲಿಗೆ ಬಾಳು ಕಟ್ಟಿ ಹುಂಜಗಳನ್ನು ಕಾದಾಡಿಸಿ ಅದರ ಮೇಲೆ ಹಣ ಕಟ್ಟುವ ಈ ಆಟದಲ್ಲಿ ನಮಗೆ ಪಾಲಿಲ್ಲ. ಪ್ರಾಣಿಗಳನ್ನು ಪರಸ್ಪರ ಕಾದಾಡಿಸುವುದನ್ನು ಪ್ರವಾದಿ(ಸ)ರು ತಡೆದಿದ್ದರೆಂದು ಹದೀಸ್ ಗ್ರಂಥಗಳಲ್ಲಿದೆ. ಜೂಜಂತೂ ಸ್ಪಷ್ಟವಾಗಿ ಹರಾಮ್. ದೇಶದ ಕಾನೂನಿನಲ್ಲೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಪ್ರಾಣಿಗಳನ್ನು ಕಾದಾಟಕ್ಕೆ ಹುರಿದುಂಬಿಸುವುದು ಅಪರಾಧ. ಆದರೆ ಒಂದು ಮಾತನ್ನು ಒಪ್ಪಬೇಕು. ಅಂಕದವರು ತಮ್ಮ ಹುಂಜದ ತಂದೆ ಯಾವುದು, ತಾಯಿ ಯಾವುದು ಎಂದು ನೆನಪಿಡುತ್ತಾರೆ. ಮೊಟ್ಟೆಗೆ, ಮಾಂಸಕ್ಕೆ ಕೋಳಿ ಸಾಕುವ ನಾವು ಆ ಲೆಕ್ಕವನ್ನು ಇಟ್ಟವರಲ್ಲ. ಹಲಾಲಾದ ಉದ್ದೇಶಕ್ಕೆ ಅಂತಹ ಎಚ್ಚರ ನಮಗೂ ಬೇಕಲ್ಲವೇ?

ಕಾಪುವಿನ ಮಾರಿಗುಡಿಗಳಲ್ಲಿ ವರ್ಷಕ್ಕೆ ಮೂರು ಬಾರಿ, ಸುಗ್ಗಿ, ಆಟಿ, ಜಾರ್ದೆ ಎಂದು ಮಾರಿಪೂಜೆ ನಡೆಯುತ್ತದೆ. ಕೋಳಿ ಹರಕೆಯ ಕಾರಣ ಆ ದಿನಗಳಲ್ಲಿ ಊರ ಕೋಳಿಗೆ ಬಹಳ ಬೇಡಿಕೆ. 2022ರ ಮಾರ್ಚ್‌ನಲ್ಲಿ ಸುಗ್ಗಿ ಮಾರಿಪೂಜೆಯ ಜಾತ್ರೆಯ ಮಳಿಗೆಗಳನ್ನು ಮುಸ್ಲಿಂ ವ್ಯಾಪಾರಿಗಳಿಗೆ ನಿರಾಕರಿಸಿದ ಸುದ್ದಿ ರಾಜ್ಯದಾದ್ಯಂತ ಚರ್ಚೆಯಾದದ್ದು ನಿಮಗೆ ನೆನಪಿರಬಹುದು. ಸಂತೆಯಲ್ಲಿ ಎದ್ದ ಅಂತಹ ಗೋಡೆ ಅಂಗಳದ ಬೇಲಿಗೆ ಇನ್ನೂ ಬಂದಿಲ್ಲ ಎನ್ನುವುದೇ ಸಮಾಧಾನ. ಕಾವಿಗೆ ಕೂತ ಹೇಂಟೆಗೆ ಮೊಟ್ಟೆ ಸಾಲದಿದ್ದರೆ ಇಲ್ಲಿನ ಹೆಂಗಸರು ಪಕ್ಕದ ಬಿಲ್ಲವರ ಮನೆಯಿಂದಲೋ ಬಂಟರ ಮನೆಯಿಂದಲೋ ಕಡ ತರುತ್ತಾರೆ. ಮರಿಯಾದ ಮೇಲೆ ಒಂದೆರಡು ಮರಿ ಹಿಂದಕ್ಕೆ ಕೊಡುತ್ತಾರೆ. ನಮ್ಮ ಹೇಂಟೆಯ ಮರಿಗಳಿಗೆ ತಂದೆ ಹೆಚ್ಚಾಗಿ ಆಚೆ ಮನೆಯ ಹುಂಜವೇ. ಊರ ಕೋಳಿಯ ತಳಿ ಇಷ್ಟು ಕಾಲ ಗಟ್ಟಿಯಾಗಿ ಉಳಿದದ್ದು ಈ ಕೊಡುಕೊಳ್ಳುವಿಕೆಯಿಂದ.

ಉಡುಪಿ: ಅಂಗಡಿಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ

ಉಡುಪಿಯ ಪೇಟೆಗೆ ಬನ್ನಿ. ಕೋಳಿ ಅಂಗಡಿಯಲ್ಲಿ ಬ್ರಾಯ್ಲರಿನ ದರ ಒಂದು, ‘ಊರ ಕೋಳಿ’ಯದು ಅದರ ಎರಡು ಮೂರು ಪಟ್ಟು. ಬೋರ್ಡಿನಲ್ಲಿ ಊರ ಕೋಳಿ ಎಂದು ಬರೆದ ಪಂಜರದಲ್ಲಿರುವುದೆಲ್ಲ ಊರ ಕೋಳಿಯೇ?

ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಇತಿಹಾಸ ತಿಳಿಯಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಪಶು ವೈದ್ಯ ಕಾಲೇಜಿನವರು 1980ರ ದಶಕದ ಕೊನೆಯಲ್ಲಿ ‘ಗಿರಿರಾಜ’ ಎಂಬ ಕೋಳಿಯನ್ನು ಬೆಳೆಸಿ ಹೊರತಂದರು. ಆಮೇಲೆ ಅಲ್ಲಿಂದಲೇ ‘ಸ್ವರ್ಣಧಾರ’ ಬಂತು. ಹೈದರಾಬಾದಿನ ಕೇಂದ್ರ ಸರಕಾರದ ಕುಕ್ಕುಟ ಸಂಶೋಧನಾ ಸಂಸ್ಥೆಯಿಂದ ‘ವನರಾಜ’, ‘ಗ್ರಾಮಪ್ರಿಯ’ ಬಂದವು. ಇವು ನೋಡಲು ಊರ ಕೋಳಿಯಂತೆ ಬಣ್ಣ ಬಣ್ಣವಾಗಿವೆ, ಹಿತ್ತಿಲಲ್ಲಿ ಮೇಯುತ್ತವೆ, ಬೇಗ ತೂಕ ಬರುತ್ತವೆ, ಊರ ಕೋಳಿಗಿಂತ ಬಹಳ ಹೆಚ್ಚು ಮೊಟ್ಟೆ ಇಡುತ್ತವೆ. ಬಡ ಕುಟುಂಬಗಳಿಗೆ ಇವುಗಳಿಂದ ಪ್ರಯೋಜನವಾಗಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ಇವು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಮರಿ ಬೇಕಾದರೆ ಮತ್ತೆ ಸರಕಾರಿ ಕೇಂದ್ರಕ್ಕೋ ಮಾರುವವರ ಬಳಿಗೋ ಹೋಗಬೇಕು.

ತೊಂದರೆ ಶುರುವಾಗುವುದು ಎರಡನೆಯ ಹೆಜ್ಜೆಯಲ್ಲಿ. ಗಿರಿರಾಜದ ಒಂದು ದೊಡ್ಡ ಹುಂಜವನ್ನು ಊರ ಹೇಂಟೆಗಳ ನಡುವೆ ಬಿಟ್ಟರೆ ಮೊದಲ ತಲೆಮಾರಿನ ಮರಿಗಳು ದಷ್ಟಪುಷ್ಟವಾಗಿ ಬರುತ್ತವೆ. ಮನೆಯವರಿಗೆ ಖುಷಿಯೋ ಖುಷಿ. ಆ ಮರಿಗಳದೇ ಮರಿಗಳಾದಾಗ ಒಂದು ದೊಡ್ಡದು, ಒಂದು ಸಣ್ಣದು. ಒಂದಕ್ಕೆ ಕಾವಿನ ಬುದ್ಧಿ ಇದೆ, ಇನ್ನೊಂದಕ್ಕೆ ಇಲ್ಲ. ಒಂದು ಗಿಡುಗ ಕಂಡರೆ ಓಡಿ ಅಡಗುತ್ತದೆ, ಇನ್ನೊಂದು ಬೆರಗಾಗಿ ನೋಡುತ್ತದೆ. ನಾಲ್ಕೈದು ವರ್ಷ ಕಳೆದರೆ ಹಳೆಯ ಊರ ಕೋಳಿಯೂ ಇಲ್ಲ, ಗಿರಿರಾಜವೂ ಇಲ್ಲ.

ಹಾಗಾದರೆ ಕೊಳ್ಳುವಾಗ ಏನು ನೋಡಬೇಕು? ಊರ ಕೋಳಿ ಹಗುರವಾಗಿ, ಕಾಲು ತೆಳ್ಳಗೆ ಗಟ್ಟಿಯಾಗಿ, ಎದೆ ಕಿರಿದಾಗಿ ಇರುತ್ತದೆ. ಹಿಡಿಯಲು ಹೋದರೆ ಹಾರುತ್ತದೆ. ಮೊಟ್ಟೆಯ ಸಿಪ್ಪೆ ಕಂದು ಇದ್ದ ಮಾತ್ರಕ್ಕೆ ಅದು ಊರ ಮೊಟ್ಟೆಯಲ್ಲ. ಫಾರ್ಮಿನ ಕೆಲವು ತಳಿಗಳೂ ಕಂದು ಮೊಟ್ಟೆ ಇಡುತ್ತವೆ. ಭಂಡಾರದ ಹಳದಿ ಬಣ್ಣ ಕೋಳಿ ತಿಂದ ಹಸಿರು ಮೇವಿನಿಂದ ಬರುವಂಥದ್ದು. ಹಾಗೆಯೇ ಕಪ್ಪು ಗರಿಯ ಕೋಳಿಯನ್ನೆಲ್ಲ ‘ಕಡಕ್‌ನಾಥ್’ ಎಂದು ಹೆಚ್ಚಿನ ದರಕ್ಕೆ ಕೊಳ್ಳಬೇಡಿ. ಮಧ್ಯಪ್ರದೇಶದ ಝಾಬುವಾದ ಈ ತಳಿಗೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಚರ್ಮ, ನಾಲಗೆ, ಮಾಂಸ, ಎಲುಬು ಕೂಡಾ ಕಪ್ಪು. ಆದರೆ ಮೊಟ್ಟೆ ಕಪ್ಪಲ್ಲ. ಕಪ್ಪು ಮೊಟ್ಟೆ ತೋರಿಸಿ ಕಡಕ್‌ನಾಥ್ ಎಂದವರು ಮೋಸ ಮಾಡುತ್ತಿದ್ದಾರೆಂದೇ ತಿಳಿಯಿರಿ.

ಇಲ್ಲಿ ಇನ್ನೊಂದು ಸೋಜಿಗದ ವಿಷಯ ಹೇಳಬೇಕು. ‘ಅಸೀಲ್’ ಎಂಬ ನಮ್ಮ ದೇಶದ ಹಳೆಯ ತಳಿಯ ಹೆಸರು ನೀವು ಕೇಳಿರಬಹುದು. ಅರಬಿಯ ‘ಅಸೀಲ್’ ಎಂದರೆ ಮೂಲದ್ದು, ಶುದ್ಧವಾದದ್ದು. ನಾವು ದಿನವೂ ಬಳಸುವ ‘ಅಸಲಿ’ ಇದರ ಒಡಹುಟ್ಟಿದ ಪದ. ಈ ಅಸೀಲ್ ಕೋಳಿಗಳನ್ನು ಇಂಗ್ಲಿಷರು 19ನೇ ಶತಮಾನದಲ್ಲಿ ಹಡಗಿನಲ್ಲಿ ಒಯ್ದು ಕಾರ್ನ್‌ವಾಲ್ ಎಂಬಲ್ಲಿ ತಮ್ಮ ಕೋಳಿಗಳೊಂದಿಗೆ ಕೂಡಿಸಿದರು. ಅದರಿಂದ ಹುಟ್ಟಿದ್ದು ಅಗಲ ಎದೆಯ ‘ಕಾರ್ನಿಶ್’. 1948ರಲ್ಲಿ ಅಮೆರಿಕದಲ್ಲಿ ‘ನಾಳೆಯ ಕೋಳಿ’ ಎಂಬ ದೊಡ್ಡ ಸ್ಪರ್ಧೆ ನಡೆದಾಗ ಗೆದ್ದದ್ದು ಕಾರ್ನಿಶ್ ರಕ್ತದ ಕೋಳಿ. ಇಂದು ಉಡುಪಿಯ ಅಂಗಡಿಯಲ್ಲಿ ಆರು ವಾರಕ್ಕೆ ತಕ್ಕಡಿ ಏರುವ ಬಿಳಿ ಬ್ರಾಯ್ಲರಿನ ವಂಶದಲ್ಲೂ ಆ ಕಾರ್ನಿಶ್ ಇದೆ. ಅಂದರೆ ನಮ್ಮ ಅಸಲಿ ಕೋಳಿಯೇ ಲೋಕ ಸುತ್ತಿ ಬೇರೆ ರೂಪದಲ್ಲಿ ನಮ್ಮ ಅಡುಗೆ ಮನೆಗೆ ಮರಳಿದೆ! ಮೂಲ ತಳಿ ಇಲ್ಲದಿದ್ದರೆ ಹೊಸ ತಳಿ ಮಾಡಲು ವಿಜ್ಞಾನಿಗಳ ಬಳಿಯೂ ಏನೂ ಇರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮಣಿಪಾಲ: ಮನೆಯನ್ನು ಉಳಿಸಬಹುದು, ಕೋಳಿಯನ್ನು?

ಉಡುಪಿಯಿಂದ ಐದು ಕಿ.ಮೀ. ಏರಿದರೆ ಮಣಿಪಾಲ. ಬೋಳು ಗುಡ್ಡವಾಗಿದ್ದ ಈ ಜಾಗದಲ್ಲಿ ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭಿಸಿದರು. ಈಗ ಎಲ್ಲಿ ನೋಡಿದರೂ ಬಹುಮಹಡಿ ಕಟ್ಟಡಗಳು. ಆಸ್ಪತ್ರೆಗೆಂದು ಬಂದವರು, ಮಕ್ಕಳ ಓದಿಗೆಂದು ಫ್ಲ್ಯಾಟ್ ಹಿಡಿದವರು ಇಲ್ಲಿ ಬಹಳ. ಇಲ್ಲಿನ ಬೆಳಗಿಗೆ ಬಸ್ಸಿನ ಹಾರ್ನ್ ಇದೆ, ಹುಂಜದ ಕೂಗಿಲ್ಲ.

ಇದೇ ಮಣಿಪಾಲದಲ್ಲಿ ವಿಜಯನಾಥ ಶೆಣೈ ಎಂಬವರು ಕಟ್ಟಿದ ‘ಹಸ್ತಶಿಲ್ಪ’ ಪರಂಪರೆ ಗ್ರಾಮವಿದೆ. ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿ, ಕಂಬ, ತೊಲೆ, ಬಾಗಿಲುಗಳಿಗೆ ಗುರುತು ಹಾಕಿ ತಂದು, ಇಲ್ಲಿ ಹಾಗೆಯೇ ಮತ್ತೆ ನಿಲ್ಲಿಸಿದ್ದಾರೆ. ಕುಂಜೂರಿನ ಚೌಕಿ ಮನೆ, ಮಿಯಾರಿನ ಮನೆ, ದಖ್ಖನಿ ನವಾಬರ ಮಹಲು ಎಲ್ಲವೂ ಒಂದೇ ಆವರಣದಲ್ಲಿವೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಜಾಗ ಅದು.

ಆ ಚೌಕಿ ಮನೆಯ ಅಂಗಳ ನೋಡುವಾಗ ಒಂದು ಯೋಚನೆ ಬರುತ್ತದೆ. ಮರದ ತೊಲೆಗೆ ನಂಬರು ಹಾಕಿ ನೂರು ವರ್ಷ ಇಡಬಹುದು. ಆ ಅಂಗಳದಲ್ಲಿ ಓಡಾಡುತ್ತಿದ್ದ ಕೋಳಿಯನ್ನು ಹಾಗೆ ಇಡಲು ಬರುವುದಿಲ್ಲ. ಜೀವ ಇರುವ ಪರಂಪರೆಯನ್ನು ಪ್ರತಿ ವರ್ಷ ಕಾವಿಗೆ ಕೂರಿಸಿ ಹೊಸದಾಗಿ ಪಡೆಯಬೇಕು. ಎರಡು ಮೂರು ವರ್ಷ ಯಾರೂ ಮರಿ ಮಾಡಿಸದಿದ್ದರೆ ಅಲ್ಲಿಗೆ ಅದು ಮುಗಿಯಿತು.

ಹೊರದೇಶಗಳಲ್ಲಿ ಇದಕ್ಕಾಗಿಯೇ ಸಂಸ್ಥೆಗಳಿವೆ. ಹಳೆಯ ಜಾನುವಾರು ತಳಿಗಳನ್ನು ಉಳಿಸಲು 1977ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಸಂಸ್ಥೆ, ‘ಪರಂಪರೆಯ ಕೋಳಿ’ ಎಂದರೆ ಯಾವುದು ಎಂದು ನಿಯಮ ಮಾಡಿದೆ. ಅದು ತಾನಾಗಿ ಜೊತೆಗೂಡಿ ಮರಿ ಮಾಡಬೇಕು, ಹೊರಗೆ ಮೇದು ದೀರ್ಘ ಕಾಲ ಬಾಳಬೇಕು, ನಿಧಾನವಾಗಿ ಬೆಳೆಯಬೇಕು. 16 ವಾರಕ್ಕೆ ಮೊದಲು ಮಾರುಕಟ್ಟೆಯ ತೂಕ ಬರಬಾರದು. ಓದಿದರೆ ನಮ್ಮ ಊರ ಕೋಳಿಯ ವರ್ಣನೆಯಂತೆಯೇ ಇದೆ. ನಮ್ಮ ದೇಶದಲ್ಲೂ ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯೊಂದು ದೇಶೀ ತಳಿಗಳನ್ನು ನೋಂದಾಯಿಸುತ್ತದೆ. ಅದರಲ್ಲಿ ಕೇರಳದ ತಲಶ್ಶೇರಿ ಕೋಳಿ ಇದೆ. ಆಂಧ್ರ ಮತ್ತು ಕರ್ನಾಟಕದ ಗಡಿಯ ಘಾಗಸ್ ಕೋಳಿ ಇದೆ. ಒಂದು ಊರಿನ ಕೋಳಿಗೆ ಇಂತಹ ಗುರುತು ಸಿಗಬೇಕಾದರೆ ಮೊದಲು ಅದರ ಲಕ್ಷಣ ತಲೆಮಾರಿನಿಂದ ತಲೆಮಾರಿಗೆ ಒಂದೇ ರೀತಿ ಬರಬೇಕು. ಅದನ್ನು ಮಾಡಬೇಕಾದವರು ಸಾಕುವವರೇ.

ಕಾರ್ಕಳ: ಕಾಡಿನ ಅಂಚಿನಲ್ಲಿ

ಉಡುಪಿಯಿಂದ ಕಾರ್ಕಳಕ್ಕೆ ಸುಮಾರು 38 ಕಿ.ಮೀ. ಬಂಡೆಯ ಮೇಲೆ ನಿಂತ 42 ಅಡಿಯ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದರು. ಎದುರಿಗೆ 1586ರ ಚತುರ್ಮುಖ ಬಸದಿ. ಜೀವ ಕೊಲ್ಲದ ಜೈನರ ಊರು, ಹತ್ತಿರದಲ್ಲೇ ಅತ್ತೂರಿನ ಇಗರ್ಜಿ, ಪೇಟೆಯಲ್ಲಿ ಉರ್ದು ಮಾತನಾಡುವ ಮುಸ್ಲಿಮರ ಮನೆಗಳು. ಪೂರ್ವಕ್ಕೆ ನೋಡಿದರೆ ಘಟ್ಟದ ನೀಲಿ ಗೋಡೆ.

ಆ ಘಟ್ಟದ ಬುಡದ ಕಾಡಿನಲ್ಲಿ ಬೂದು ಬಣ್ಣದ ಕಾಡುಕೋಳಿ ಇದೆ. ಬೆಳಗಿನ ಜಾವ ಅದರ ತುಂಡು ತುಂಡಾದ ಕೂಗು ಕೇಳುತ್ತದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಬೇಟೆಯಾಡುವಂತಿಲ್ಲ. ಊರ ಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ 2008ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬೇರೊಂದು ವಿಷಯ ಹೊರಬಂತು. ಸಾಕುಕೋಳಿಗಳ ಹಳದಿ ಕಾಲು, ಹಳದಿ ಚರ್ಮಕ್ಕೆ ಕಾರಣವಾದ ವಂಶವಾಹಿ ಬಂದದ್ದು ದಕ್ಷಿಣ ಭಾರತದ ಈ ಬೂದು ಕಾಡುಕೋಳಿಯಿಂದ! ಇಂದು ಲೋಕದ ಯಾವುದೇ ಮೂಲೆಯ ಹಳದಿ ಕಾಲಿನ ಕೋಳಿಯಲ್ಲಿ ನಮ್ಮ ಕಾಡಿನ ಹಕ್ಕಿಯ ಪಾಲಿದೆ. ಸುಬ್‌ಹಾನಲ್ಲಾಹ್!

ಆ ಹಳದಿ ಕಾಲಿನಿಂದ ಒಂದು ಪಾಠವನ್ನೂ ಕಲಿಯಬಹುದು. ಹಳದಿ ಬಣ್ಣ ಹೊರಗೆ ಕಾಣಬೇಕಾದರೆ ಅದು ತಾಯಿ ತಂದೆ ಇಬ್ಬರಿಂದಲೂ ಬರಬೇಕು. ಒಬ್ಬರಿಂದ ಮಾತ್ರ ಬಂದರೆ ಒಳಗೆ ಅಡಗಿ ಕೂರುತ್ತದೆ, ಮೊಮ್ಮಕ್ಕಳಲ್ಲಿ ಹೊರಬರುತ್ತದೆ. ಒಳ್ಳೆಯ ಗುಣಗಳಿಗೂ ಕೆಟ್ಟ ಗುಣಗಳಿಗೂ ಹೀಗೆ ಅಡಗುವ ಅಭ್ಯಾಸವಿದೆ. ಆದ್ದರಿಂದ ಕೋಳಿಯ ಮುಖ ಮಾತ್ರ ನೋಡಿ ಆರಿಸಿದರೆ ಸಾಲದು, ಅದರ ಮನೆತನ ತಿಳಿಯಬೇಕು. ಮದುವೆ ಸಂಬಂಧ ನೋಡುವಾಗ ನಮ್ಮ ಹಿರಿಯರು ಮಾಡುವಂತೆ!

ಒಂದೇ ಹುಂಜದ ಅಪಾಯ

ಅನೇಕ ಮನೆಗಳಲ್ಲಿ ಹತ್ತು ಹೇಂಟೆಗಳಿಗೆ ಒಂದು ಹುಂಜ. ಮರಿ ಹುಟ್ಟಿಸಲು ಅಷ್ಟು ಸಾಕು. ಮುಂದಿನ ವರ್ಷ ಅದರದೇ ಮಗ ಹುಂಜ, ಅಕ್ಕತಂಗಿಯರು ಹೇಂಟೆಗಳು. ತಳಿಶಾಸ್ತ್ರದ ಲೆಕ್ಕದಲ್ಲಿ ಒಂದು ಹುಂಜ, ಹತ್ತು ಹೇಂಟೆಗಳ ಹಿಂಡು ನಾಲ್ಕು ಕೋಳಿಗಳ ಹಿಂಡಿಗೂ ಸಮವಲ್ಲ. ಅದೇ ಹತ್ತು ಹೇಂಟೆಗೆ ಮೂರು ಹುಂಜ ಇದ್ದರೆ ಆ ಲೆಕ್ಕ ಒಂಬತ್ತಕ್ಕೆ ಏರುತ್ತದೆ. ರಕ್ತ ಹತ್ತಿರವಾದಂತೆ ಕಾವಿಗೆ ಇಟ್ಟ ಮೊಟ್ಟೆಗಳಲ್ಲಿ ಒಡೆಯುವುದು ಕಡಿಮೆಯಾಗುತ್ತದೆ, ಮರಿಗಳು ಸೊರಗುತ್ತವೆ, ಕೊಕ್ಕು ಓರೆ, ಬೆರಳು ಡೊಂಕು ಕಾಣಿಸಿಕೊಳ್ಳುತ್ತದೆ. ಆಗ ಮನೆಯವರು ‘ಊರ ಕೋಳಿಯೇ ಇಷ್ಟು, ಇದರಲ್ಲಿ ಸತ್ವ ಇಲ್ಲ’ ಎಂದು ಹೊರಗಿನ ಹುಂಜ ತಂದು ಬಿಡುತ್ತಾರೆ. ತಳಿ ಕೈ ಬಿಟ್ಟು ಹೋಗುವುದು ಹೀಗೆ.

ಇದಕ್ಕೆ ಪರಿಹಾರ ಸುಲಭ, ಖರ್ಚಿಲ್ಲ. ಮೂರು ಮನೆಯವರು ಸೇರಬೇಕು. ಒಂದು ಕಾಪುವಿನದು, ಒಂದು ಉಡುಪಿ ಹತ್ತಿರದ್ದು, ಒಂದು ಕಾರ್ಕಳದ್ದು ಎಂದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಮೊದಲ ಮನೆಯ ಆಯ್ದ ಎಳೆ ಹುಂಜಗಳು ಎರಡನೆಯ ಮನೆಗೆ, ಎರಡನೆಯದರವು ಮೂರನೆಯದಕ್ಕೆ, ಮೂರನೆಯದರವು ಮೊದಲನೆಯದಕ್ಕೆ. ಹೆಣ್ಣು ಮರಿಗಳು ಹುಟ್ಟಿದ ಮನೆಯಲ್ಲೇ ಉಳಿಯಬೇಕು. ದಿಕ್ಕು ಎಂದೂ ಬದಲಾಗಬಾರದು. ಇಷ್ಟು ಮಾಡಿದರೆ ತಂದೆ ಮಗಳು, ಅಣ್ಣ ತಂಗಿ ಕೂಡುವುದು ತಪ್ಪುತ್ತದೆ. ಹೊರ ತಳಿಯೂ ಬೇಕಾಗುವುದಿಲ್ಲ. ಮಗಳನ್ನು ಕಾಣಲು ಹೋಗುವಾಗ ಬುಟ್ಟಿಯಲ್ಲಿ ಒಂದು ಹುಂಜ ಒಯ್ದರಾಯಿತು.

ಯಾವುದನ್ನು ಉಳಿಸಬೇಕು?

ತಳಿ ಉತ್ತಮಗೊಳಿಸುವುದೆಂದರೆ ಏನು ಬೇಕೆಂದು ಮೊದಲೇ ತೀರ್ಮಾನಿಸಿ, ಅದೇ ಗುಣದ ಕೋಳಿಯಿಂದ ಮುಂದಿನ ಮರಿ ಪಡೆಯುವುದು. ನಾವು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧ. ಹಬ್ಬಕ್ಕೆ, ಅತಿಥಿಗೆ ಗೂಡಿನಲ್ಲಿರುವ ದೊಡ್ಡ ಹುಂಜವನ್ನೇ ಹಿಡಿಯುತ್ತೇವೆ. ಸಣ್ಣದು, ಸೊರಗಿದ್ದು ತಳಿಗೆ ಉಳಿಯುತ್ತದೆ. ಹತ್ತು ವರ್ಷ ಹೀಗೆ ನಡೆದರೆ ಕೋಳಿ ಸಣ್ಣದಾಗದೆ ಇನ್ನೇನಾದೀತು?

ಒಂದು ನೋಟ್‌ಬುಕ್ ಇಡಿ. ಹೇಂಟೆಗಳ ಕಾಲಿಗೆ ಬೇರೆ ಬೇರೆ ಬಣ್ಣದ ಪ್ಲಾಸ್ಟಿಕ್ ಉಂಗುರ ಹಾಕಿ. ಯಾವ ಹೇಂಟೆ ಎಷ್ಟು ಮೊಟ್ಟೆ ಇಟ್ಟಿತು, ಎಷ್ಟು ಮರಿಯಾಯಿತು, ಎರಡು ತಿಂಗಳಲ್ಲಿ ಎಷ್ಟು ಉಳಿದವು ಎಂದು ಬರೆಯಿರಿ. ಊರ ಹೇಂಟೆ ವರ್ಷಕ್ಕೆ ಐವತ್ತು, ಅರುವತ್ತು ಮೊಟ್ಟೆ ಇಡುತ್ತದೆ. ಹನ್ನೆರಡು ಹದಿನೈದು ಇಟ್ಟು ಕಾವಿಗೆ ಕೂರುತ್ತದೆ. ಎಲ್ಲ ಹೇಂಟೆಗಳೂ ಸಮನಾಗಿರುವುದಿಲ್ಲ ಎಂದು ಆ ಪುಸ್ತಕವೇ ನಿಮಗೆ ತೋರಿಸುತ್ತದೆ. ಹತ್ತರಲ್ಲಿ ಮೂರು ನಾಲ್ಕು ಬಹಳ ಒಳ್ಳೆಯ ತಾಯಂದಿರು. ಅವುಗಳ ಮೊಟ್ಟೆಯನ್ನೇ ಕಾವಿಗೆ ಇಡಿ, ಉಳಿದವುಗಳ ಮೊಟ್ಟೆ ಅಡುಗೆಗೆ. ಹುಂಜವನ್ನು ಆರಿಸುವಾಗ ಅಂತಹ ತಾಯಿಯ ಮಗನನ್ನೇ ಆರಿಸಿ. ಹುಂಜ ಮೊಟ್ಟೆ ಇಡದಿದ್ದರೂ ತಾಯಿಯ ಗುಣವನ್ನು ಹೆಣ್ಣುಮಕ್ಕಳಿಗೆ ದಾಟಿಸುತ್ತದೆ. ನಾಲ್ಕೈದು ತಿಂಗಳಾದಾಗ ತೂಗಿ ನೋಡಿ. ನೆಟ್ಟಗೆ ನಿಲ್ಲುವುದು, ಬೆರಳು ನೇರ ಇರುವುದು, ಬೆನ್ನು ಗೂನಾಗದಿರುವುದು, ಕಾಯಿಲೆ ಬೀಳದಿರುವುದು, ಇವನ್ನು ನೋಡಿದ ಮೇಲೆ ಬಣ್ಣ ನೋಡಿ.

ಕಾವಿನ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಫ್ರಿಜ್ಜಿನಲ್ಲಿ ಇಡಬೇಡಿ, ತೊಳೆಯಬೇಡಿ. ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿಡಿ. ಒಂದು ಹೇಂಟೆಯ ಅಡಿಗೆ ಹತ್ತು, ಹನ್ನೆರಡು ಸಾಕು. ಏಳನೆಯ ದಿನ ರಾತ್ರಿ ಟಾರ್ಚಿಗೆ ಹಿಡಿದರೆ ಒಳಗೆ ಕೆಂಪು ನರಗಳು ಕಂಡದ್ದು ಜೀವ ಇರುವ ಮೊಟ್ಟೆ. 21 ದಿನಕ್ಕೆ ಮರಿ. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಗೂಡಿನಲ್ಲಿ ಕಬ್ಬಿಣದ ತುಂಡು, ಇದ್ದಿಲು ಇಡುವವರಿದ್ದಾರೆ. ಕೆಡಿಸುವುದು ಗುಡುಗಲ್ಲ, ಬೇಸಿಗೆಯ ಕೊನೆಯ ಸೆಕೆ ಮತ್ತು ಮಳೆಗೆ ಒದ್ದೆಯಾದ ಗೂಡು. ನಮ್ಮಲ್ಲಿ ಮಳೆಯೇನು ಕಡಿಮೆಯೇ? ವರ್ಷಕ್ಕೆ ಸುಮಾರು 4000 ಮಿ.ಮೀ. ಆಟಿಯ ಮಳೆಯಲ್ಲಿ ಮರಿ ಮಾಡಿಸದೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಮಾಡಿಸಿದರೆ ಹೆಚ್ಚು ಮರಿ ಉಳಿಯುತ್ತವೆ.

ಇನ್ನು ರಾಣಿಖೇತ್ ರೋಗ. ಒಂದು ವಾರದಲ್ಲಿ ಇಡೀ ಗೂಡನ್ನು ಖಾಲಿ ಮಾಡುವ ಕಾಯಿಲೆ ಇದು. ಎಷ್ಟೋ ಮನೆಯ ತಳಿ ನಾಶವಾದದ್ದು ಇದರಿಂದಲೇ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಇದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಒಂದು ಹನಿ ಲಸೋಟಾ, ಎಂಟನೆಯ ವಾರದಲ್ಲಿ ಆರ್‌2ಬಿ ಚುಚ್ಚುಮದ್ದು. ಬಾಟಲಿಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಐದು ಕೋಳಿಗಾಗಿ ಒಬ್ಬಳೇ ತರುವುದಕ್ಕಿಂತ ಓಣಿಯ ಹತ್ತು ಮನೆಯವರು ಒಂದೇ ದಿನ ಹಾಕಿಸಿದರೆ ಎಲ್ಲರಿಗೂ ಲಾಭ. ಊರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಅಮಾನತ್ ಎಂಬ ಮಾತು

ನಮ್ಮ ದೀನ್‌ನಲ್ಲಿ ಕೋಳಿಗೆ ಸಣ್ಣದೊಂದು ಗೌರವದ ಜಾಗವಿದೆ. ಹುಂಜವನ್ನು ಬಯ್ಯಬೇಡಿ, ಅದು ನಮಾಝ್‌ಗೆ ಎಬ್ಬಿಸುತ್ತದೆ ಎಂಬರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಅದು ಕೂಗಿದಾಗ ಅಲ್ಲಾಹನ ಅನುಗ್ರಹ ಬೇಡಲು ಪ್ರವಾದಿ(ಸ)ರು ಕಲಿಸಿದ್ದನ್ನು ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ್ದಾರೆ. ಪ್ರವಾದಿ(ಸ)ರು ಕೋಳಿ ಮಾಂಸ ತಿಂದುದನ್ನು ಹ. ಅಬೂ ಮೂಸಾ ಅಶ್‌ಅರಿ(ರ) ಕಂಡು ತಿಳಿಸಿದ್ದಾರೆ. ಹೊಲಸು ಮೇಯುವ ಕೋಳಿಯನ್ನು ಕೊಯ್ಯುವ ಮೊದಲು ಮೂರು ದಿನ ಕಟ್ಟಿ ಶುದ್ಧ ಆಹಾರ ಕೊಡುವುದು ಹ. ಇಬ್ನು ಉಮರ್(ರ)ರ ರೂಢಿಯಾಗಿತ್ತು ಎಂದು ವಿದ್ವಾಂಸರು ಉಲ್ಲೇಖಿಸುತ್ತಾರೆ. ಬಿಟ್ಟು ಸಾಕುವ ಮನೆಗಳಲ್ಲಿ ಇದು ನೆನಪಿರಲಿ. ಬೆಕ್ಕನ್ನು ಕಟ್ಟಿ ಹಾಕಿ ಉಪವಾಸ ಕೊಂದ ಹೆಂಗಸಿಗೆ ಸಿಕ್ಕ ಶಿಕ್ಷೆಯ ಹದೀಸನ್ನು ನೀವೆಲ್ಲ ಕೇಳಿದ್ದೀರಿ. ಇಕ್ಕಟ್ಟಿನ ಪಂಜರದಲ್ಲಿ ನೀರಿಲ್ಲದೆ ಬಾಯಿ ಬಿಡುವ ಕೋಳಿಯ ವಿಷಯದಲ್ಲೂ ನಮಗೆ ಪ್ರಶ್ನೆ ಇದೆ.

ತಳಿ ಆರಿಸುವಾಗ ಉಳಿದ ಕೋಳಿಗಳ ಗತಿ ಏನೆಂದು ಮಕ್ಕಳು ಕೇಳುತ್ತಾರೆ. ಅವು ಹಲಾಲಾಗಿ ಕೊಯ್ಯಲ್ಪಟ್ಟು ಮನೆಗೆ, ನೆರೆಗೆ, ಬಡವರಿಗೆ ಆಹಾರವಾಗುತ್ತವೆ. ಕತ್ತಿ ಹರಿತವಾಗಿರಲಿ, ಇನ್ನೊಂದು ಕೋಳಿಯ ಕಣ್ಣೆದುರು ಕೊಯ್ಯದಿರಲಿ. ಬದುಕಿರುವಷ್ಟು ದಿನ ಅದು ಕೆದಕಿ ಮೇದು, ಮಣ್ಣಿನಲ್ಲಿ ಹೊರಳಿ, ಬಿಸಿಲು ಕಾಯಿಸಿ ಬಾಳಿರಲಿ.

ಫ್ಲ್ಯಾಟಿನಲ್ಲಿರುವ ಸಹೋದರಿಯರು ಕೋಳಿ ಸಾಕಲಾರರು, ನಿಜ. ಆದರೆ ಸಾಕುವವಳಿಂದ ಕೊಳ್ಳಬಹುದು. ಊರಿನಲ್ಲಿ ಒಂಟಿಯಾಗಿ ಉಳಿದ ಅತ್ತೆಗೆ, ವಿಧವೆಯಾದ ನೆರೆಯವಳಿಗೆ ಒಂದು ಜೊತೆ ಒಳ್ಳೆಯ ಹೇಂಟೆ, ಬೇರೆ ಮನೆಯ ಒಂದು ಹುಂಜ ಕೊಡಿಸಬಹುದು. ರಮಝಾನ್‌ನ ಕಿಟ್‌ನಲ್ಲಿ ಕೊಟ್ಟ ಅಕ್ಕಿ ತಿಂಗಳಲ್ಲಿ ಮುಗಿಯುತ್ತದೆ. ಕಾವಿಗೆ ಕೂರುವ ಹೇಂಟೆ ಮುಂದಿನ ರಮಝಾನ್‌ಗೂ ಇರುತ್ತದೆ, ಅದರ ಮಕ್ಕಳೂ ಇರುತ್ತವೆ.

ಇನ್ನೊಮ್ಮೆ ನೀವು ಕಾಪುವಿಗೋ ಕಾರ್ಕಳಕ್ಕೋ ಹೋದಾಗ ಸಂಬಂಧಿಕರ ಮನೆಯ ಹಿತ್ತಿಲಿಗೆ ಹೋಗಿ ನೋಡಿ. ಗೂಡಿದ್ದರೆ, ಈ ಹುಂಜ ಎಲ್ಲಿಂದ ಬಂತು ಮಾಮಿ ಎಂದು ಕೇಳಿ. ಹೇಳಲು ಅವರಿಗೆ ಬಹಳ ಇರುತ್ತದೆ. ಅದನ್ನು ಬರೆದುಕೊಳ್ಳಿ. ಆ ನೋಟ್‌ಬುಕ್ಕಿನ ಮೊದಲ ಪುಟ ಅದೇ ಆಗಲಿ.